ಎಮಿಟೆನ್ಸ್ ಇಳಿಯಲೇ ಇಲ್ಲ: ಒಂದು ಇಂಜೆಕ್ಟರ್‌ನ ಪ್ರಕರಣ

ಇದು ಒಂದು ಎಲೆಕ್ಟ್ರಾನ್ ಇಂಜೆಕ್ಟರ್‌ನಲ್ಲಿ, ಅಂದರೆ ಆ್ಯಕ್ಸಿಲರೇಟರ್‌ಗೆ ಎಲೆಕ್ಟ್ರಾನ್ ಬೀಮ್ ಹುಟ್ಟಿಸಿ ಕೊಡುವ ಮೊದಲ ಭಾಗದಲ್ಲಿ, ನಡೆದ ಪ್ರಕರಣ. ಲ್ಯಾಬ್ ಯಾವುದು, ದೇಶ ಯಾವುದು, ಜನ ಯಾರು ಎನ್ನುವುದನ್ನು ಬಿಟ್ಟಿದ್ದೇನೆ. ಸಂಖ್ಯೆಗಳನ್ನು ದುಂಡಾಗಿಸಿದ್ದೇನೆ, ಆದರೆ ಒಂದಕ್ಕೊಂದು ಇರುವ ಸಂಬಂಧ ಕೆಡದ ಹಾಗೆ ನೋಡಿಕೊಂಡಿದ್ದೇನೆ. ಕಾಗದ, ಪೆನ್ಸಿಲ್ ಹಿಡಿದು ಕೂತರೆ ನೀವೇ ಲೆಕ್ಕ ಹಾಕಿ ನೋಡಬಹುದು. ಆ್ಯಕ್ಸಿಲರೇಟರ್ ಕ್ಷೇತ್ರಕ್ಕೆ ಈಗಷ್ಟೇ ಕಾಲಿಡುತ್ತಿರುವ ಹುಡುಗ ಹುಡುಗಿಯರು ಇದನ್ನು ಓದಬೇಕು ಅನ್ನುವುದು ನನ್ನ ಆಸೆ. ಈ ಪಾಠ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಮೆಷಿನ್ ಮುಂದೆ ಕೂತಾಗ ಅದೇ ಸಾಲು ತಿಂಗಳುಗಟ್ಟಲೆ ಕಾಡಿಸುತ್ತದೆ.

ಹಿನ್ನೆಲೆ

ಬೀಮ್ ಚೆನ್ನಾಗಿದೆ ಅಂತ ಯಾವಾಗ ಹೇಳುತ್ತೇವೆ? ಅದರ ಶಕ್ತಿ, ಅದರಲ್ಲಿರುವ ಚಾರ್ಜ್, ಇವನ್ನು ಅಳೆಯುವುದು ಅಷ್ಟೇನೂ ಕಷ್ಟವಲ್ಲ. ನಿಜವಾದ ಪರೀಕ್ಷೆ ಎಮಿಟೆನ್ಸ್‌ನದು. ಎಲೆಕ್ಟ್ರಾನ್‌ಗಳು ಎಷ್ಟು ಅಗಲಕ್ಕೆ ಹರಡಿವೆ, ಎಷ್ಟು ಕೋನದಲ್ಲಿ ಚದುರುತ್ತಿವೆ, ಈ ಎರಡನ್ನೂ ಸೇರಿಸಿ ಹೇಳುವ ಅಳತೆ ಅದು. ಮ್ಯಾಗ್ನೆಟ್ ಲೆನ್ಸ್ ಹಾಕಿ ಬೀಮನ್ನು ಸಣ್ಣ ಮಾಡಬಹುದು. ಆದರೆ ಅಗಲ ಕಡಿಮೆಯಾದಷ್ಟೂ ಕೋನ ಜಾಸ್ತಿಯಾಗುತ್ತದೆ. ಒಟ್ಟು ಗುಣಲಬ್ಧ ಹಾಗೇ ಉಳಿಯುತ್ತದೆ.

ಇಂದೋರಿನ ಇಂಡಸ್-2ನಂಥ ರಿಂಗಿನಲ್ಲಿ ಎಲೆಕ್ಟ್ರಾನ್‌ಗಳು ಸುತ್ತುತ್ತಾ ಬೆಳಕು ಚೆಲ್ಲುತ್ತವೆ. ಹಾಗೆ ಸುತ್ತಿ ಸುತ್ತಿ ಒಂದು ಸಮತೋಲನಕ್ಕೆ ಬರುತ್ತವೆ. ಹುಟ್ಟುವಾಗ ಹೇಗಿದ್ದವು ಅನ್ನುವುದು ಅಲ್ಲಿ ಮರೆತುಹೋಗುತ್ತದೆ, ರಿಂಗಿನ ಮ್ಯಾಗ್ನೆಟ್‌ಗಳೇ ಎಮಿಟೆನ್ಸ್ ಎಷ್ಟೆಂದು ತೀರ್ಮಾನಿಸುತ್ತವೆ. ನೇರವಾಗಿ ಓಡುವ ಲಿನ್ಯಾಕ್‌ನಲ್ಲಿ ಆ ಅವಕಾಶವಿಲ್ಲ. ಎಲೆಕ್ಟ್ರಾನ್ ಹೊರಡಿಸುವ ಗನ್‌ನಲ್ಲಿ ಹುಟ್ಟಿದ ಗುಣವೇ ಕೊನೆಯವರೆಗೂ. ದಾರಿಯಲ್ಲಿ ಕೆಡಬಹುದು, ಸುಧಾರಿಸುವುದಿಲ್ಲ. ಎಕ್ಸ್-ರೇ ಫ್ರೀ ಎಲೆಕ್ಟ್ರಾನ್ ಲೇಸರ್ (ಎಲೆಕ್ಟ್ರಾನ್ ಬೀಮಿನಿಂದ ಎಕ್ಸ್-ರೇ ಲೇಸರ್ ಹೊರಡಿಸುವ ಮೆಷಿನ್) ಕಟ್ಟುವವರು ಗನ್ ಹಿಂದೆ ಬೀಳುವುದು ಇದಕ್ಕೇ.

ನಮ್ಮ ಪ್ರಕರಣದ ಮೆಷಿನ್ ಆ ಜಾತಿಯದೇ. ತಾಮ್ರದ ಕ್ಯಾಥೋಡ್ ಮೇಲೆ ನೇರಳಾತೀತ ಲೇಸರ್ ಬೀಳುತ್ತದೆ. ಎಲೆಕ್ಟ್ರಾನ್‌ಗಳು ಹೊರಬಂದು ಆರ್‌ಎಫ್ (ರೇಡಿಯೋ ತರಂಗದ) ಗನ್‌ನಲ್ಲಿ ವೇಗ ಪಡೆಯುತ್ತವೆ. ಗನ್ ಪಕ್ಕದ ಸೊಲೆನಾಯ್ಡ್ ಎಂಬ ಸುರುಳಿ ಮ್ಯಾಗ್ನೆಟ್ ಅವನ್ನು ಹಿಡಿದಿಡುತ್ತದೆ. ಮುಂದೆ ಲಿನ್ಯಾಕ್, ಅಲ್ಲಿಂದ ಹೊರಬರುವಾಗ ಶಕ್ತಿ 100 ಎಂಇವಿ (ದಶಲಕ್ಷ ಎಲೆಕ್ಟ್ರಾನ್ ವೋಲ್ಟ್). ಒಂದೊಂದು ಬಂಚ್‌ನಲ್ಲಿ, ಅಂದರೆ ಎಲೆಕ್ಟ್ರಾನ್ ಗುಂಪಿನಲ್ಲಿ, 200 ಪಿಕೊಕೂಲಂಬ್ ಚಾರ್ಜ್. ಆಸ್ಟ್ರಾ ಎಂಬ ಕಂಪ್ಯೂಟರ್ ಪ್ರೋಗ್ರಾಂನಲ್ಲಿ ಸಿಮ್ಯುಲೇಷನ್ ಮಾಡಿ, ಶಕ್ತಿಗೆ ತಕ್ಕಂತೆ ನಾರ್ಮಲೈಸ್ ಮಾಡಿದ ಎಮಿಟೆನ್ಸ್ 0.6 ಮೈಕ್ರಾನ್ ಬರಬೇಕು ಅಂತ ತಂಡ ಲೆಕ್ಕ ಹಾಕಿತ್ತು.

ಅಳೆಯಲು ಕ್ವಾಡ್ ಸ್ಕ್ಯಾನ್. ಒಂದು ಕ್ವಾಡ್ರುಪೋಲ್ (ನಾಲ್ಕು ಧ್ರುವಗಳ) ಮ್ಯಾಗ್ನೆಟ್, ಚಿಕ್ಕದಾಗಿ ಕ್ವಾಡ್, ಅದರಿಂದ 2 ಮೀಟರ್ ಮುಂದೆ ಒಂದು ಸ್ಕ್ರೀನ್. ಮ್ಯಾಗ್ನೆಟ್‌ನ ಕರೆಂಟ್ ಏರಿಸುತ್ತಾ ಹೋದರೆ ಸ್ಕ್ರೀನ್ ಮೇಲಿನ ಚುಕ್ಕೆ ಕಿರಿದಾಗುತ್ತದೆ, ಒಂದು ಹಂತ ದಾಟಿದ ಮೇಲೆ ಮತ್ತೆ ಅಗಲವಾಗುತ್ತದೆ. ಅಗಲದ ವರ್ಗವನ್ನು ಗ್ರಾಫ್ ಮೇಲೆ ಹಾಕಿದರೆ ಪ್ಯಾರಾಬೋಲಾ. ಅದರ ತೋಳುಗಳು ಎಷ್ಟು ಕಡಿದಾಗಿವೆ ಅನ್ನುವುದು ಕ್ವಾಡ್ ಇರುವ ಜಾಗದಲ್ಲಿ ಬೀಮ್ ಎಷ್ಟು ದಪ್ಪ ಅಂತ ಹೇಳುತ್ತದೆ. ತಳ, ಅತಿ ಕಿರಿದಾದ ಚುಕ್ಕೆ ಎಷ್ಟು ಅಂತ ಹೇಳುತ್ತದೆ. ಎರಡನ್ನೂ ಗುಣಿಸಿ ದೂರದಿಂದ ಭಾಗಿಸಿದರೆ ಎಮಿಟೆನ್ಸ್ ಸಿಕ್ಕಿತು.

ಇಲ್ಲಿ ಕ್ವಾಡ್ ಹತ್ತಿರ ಆರ್‌ಎಂಎಸ್ (ವರ್ಗಗಳ ಸರಾಸರಿಯ ವರ್ಗಮೂಲ) ಅಗಲ 0.2 ಮಿಲಿಮೀಟರ್. ಸಿಮ್ಯುಲೇಷನ್ ಪ್ರಕಾರ ಚುಕ್ಕೆ 30 ಮೈಕ್ರಾನ್‌ಗೆ ಇಳಿಯಬೇಕು. ಗುಣಿಸಿ 2 ಮೀಟರ್‌ನಿಂದ ಭಾಗಿಸಿದರೆ 3 ನ್ಯಾನೋಮೀಟರ್. 100 ಎಂಇವಿಗೆ ಗಾಮಾ, ಅಂದರೆ ಎಲೆಕ್ಟ್ರಾನ್‌ನ ಶಕ್ತಿ ಅದರ ನಿಶ್ಚಲ ಶಕ್ತಿಯ ಎಷ್ಟು ಪಟ್ಟು ಅನ್ನುವುದು, ಸುಮಾರು 200. ಅದರಿಂದ ಗುಣಿಸಿ ನಾರ್ಮಲೈಸ್ ಮಾಡಿದರೆ ಅಲ್ಲಿಗೆ 0.6 ಮೈಕ್ರಾನ್ ಆಯಿತು.

ಸಮಸ್ಯೆ

ಸ್ಕ್ರೀನ್ ಮೇಲೆ ಚುಕ್ಕೆ 50 ಮೈಕ್ರಾನ್‌ಗಿಂತ ಕೆಳಗೆ ಇಳಿಯಲೇ ಇಲ್ಲ. ಅಡ್ಡ ದಿಕ್ಕಿನ ಎಮಿಟೆನ್ಸ್ 1.0 ಬಂತು. ಲಂಬ ದಿಕ್ಕಿನದು 0.8.

ಇದು ಸಣ್ಣ ವ್ಯತ್ಯಾಸವಲ್ಲ. ಬೀಮಿನ ಬ್ರೈಟ್‌ನೆಸ್ ಎರಡೂ ದಿಕ್ಕಿನ ಎಮಿಟೆನ್ಸ್ ಮೇಲೆ ನಿಂತಿದೆ. 0.6 ಇರಬೇಕಾದ ಕಡೆ 1.0 ಮತ್ತು 0.8 ಬಂದರೆ ಬ್ರೈಟ್‌ನೆಸ್ ಅರ್ಧಕ್ಕಿಂತ ಕೆಳಗೆ ಬಿತ್ತು ಅಂತಲೇ ಅರ್ಥ. ಮುಂದೆ ಕಟ್ಟಬೇಕಿದ್ದ ಅಂಡ್ಯುಲೇಟರ್‌ನ (ಎಲೆಕ್ಟ್ರಾನ್‌ಗಳನ್ನು ಅತ್ತಿತ್ತ ಬಳುಕಿಸಿ ಬೆಳಕು ಹೊರಡಿಸುವ ಮ್ಯಾಗ್ನೆಟ್ ಸಾಲಿನ) ಉದ್ದ, ಅದಕ್ಕೆ ತಗಲುವ ಹಣ, ಎಲ್ಲವೂ ಈ ಒಂದು ಸಂಖ್ಯೆಯನ್ನು ನಂಬಿಕೊಂಡಿದ್ದವು.

ಮಾಡಿ ನೋಡಿದ್ದು

ತಂಡ ಬೀಮನ್ನು ಸರಿಪಡಿಸಲು ಹೊರಟಿತು. ಅದು ಸಹಜವೇ. ಗನ್‌ನಲ್ಲಿ ಎಮಿಟೆನ್ಸ್ ಕೆಡಿಸುವ ಕಾರಣಗಳು ಎಲ್ಲರಿಗೂ ಗೊತ್ತು. ಲೇಸರ್ ಚುಕ್ಕೆ ಸಮವಾಗಿಲ್ಲದಿರಬಹುದು. ಸೊಲೆನಾಯ್ಡ್ ಕೂದಲೆಳೆಯಷ್ಟು ಓರೆಯಾಗಿರಬಹುದು. ಕ್ಯಾಥೋಡ್ ಮೇಲ್ಮೈ ಕಲೆಗಟ್ಟಿರಬಹುದು. ಬಂಚ್‌ನೊಳಗೆ ಎಲೆಕ್ಟ್ರಾನ್‌ಗಳು ಒಂದನ್ನೊಂದು ತಳ್ಳುವ ಬಲ ಲೆಕ್ಕಕ್ಕಿಂತ ಜಾಸ್ತಿ ಇರಬಹುದು.

ಒಂದೊಂದನ್ನೇ ಹಿಡಿದರು. ಲೇಸರ್ ಚುಕ್ಕೆಯ ಅಳತೆ ಹಿಡಿಯುವ ರಂಧ್ರ, ಅಂದರೆ ಐರಿಸ್, ಬದಲಿಸಿದರು, ಸ್ವಲ್ಪ ಸುಧಾರಿಸಿದ ಹಾಗೆ ಕಂಡಿತು, ಆದರೆ ಅದು ಅಳತೆಯ ದೋಷದ ಮಿತಿಯೊಳಗೇ ಇತ್ತು. ಲಾಗ್‌ಬುಕ್‌ನಲ್ಲಿ 'ಗಮನಾರ್ಹ ಬದಲಾವಣೆ ಇಲ್ಲ' ಅಂತ ಬರೆದು ಹಳೆಯ ಐರಿಸ್‌ಗೇ ಮರಳಿದರು. ಈ ಸಾಲನ್ನು ನೆನಪಿಡಿ. ಸೊಲೆನಾಯ್ಡ್ ಸರಿಸಿದರು, ತುಸು ಬದಲಾಯಿತು. ಅಡ್ಡ ದಿಕ್ಕು ಲಂಬಕ್ಕಿಂತ ಕೆಟ್ಟದಾಗಿದೆಯಲ್ಲ, ಅದಕ್ಕೂ ಒಂದು ವಿವರಣೆ ಸಿದ್ಧವಾಗಿತ್ತು. ಸೊಲೆನಾಯ್ಡ್‌ನೊಳಗೆ ಸಣ್ಣ ಕ್ವಾಡ್ರುಪೋಲ್ ಫೀಲ್ಡ್ ಸೇರಿಕೊಂಡಿರುತ್ತದೆ, ಗನ್‌ಗೆ ಪವರ್ ಹೊಗಿಸುವ ಆರ್‌ಎಫ್ ಕಪ್ಲರ್ ಒಂದೇ ಪಕ್ಕದಲ್ಲಿದ್ದರೆ ಸಮತೆ ತಪ್ಪುತ್ತದೆ. ಎರಡೂ ನಿಜವಾಗಿ ಇರುವ ತೊಂದರೆಗಳೇ. ಸರಿಪಡಿಸುವ ಪುಟ್ಟ ಕರೆಕ್ಟರ್ ಕ್ವಾಡ್‌ಗಳೂ ಅಲ್ಲಿದ್ದವು. ತಿರುಗಿಸಿ ನೋಡಿದರೆ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ.

ಒಂದು ಮೀಟಿಂಗ್‌ನಲ್ಲಿ ಬೇರೆ ಮಾತು ಬಂತು. ಚಿತ್ರದ ಹಿನ್ನೆಲೆ ಗದ್ದಲವನ್ನು ಇನ್ನೂ ಸ್ವಲ್ಪ ಗಟ್ಟಿಯಾಗಿ ಕತ್ತರಿಸಿದರೆ ಸಂಖ್ಯೆ ಇಳಿಯುತ್ತದೆ ಅಂತ ಒಬ್ಬರು ತೋರಿಸಿದರು. ಇಳಿಯುತ್ತದೆ, ನಿಜ. ಬೀಮಿನ ಅಂಚಿನಲ್ಲಿರುವ ಎಲೆಕ್ಟ್ರಾನ್‌ಗಳು ಕಡಿಮೆ, ಆದರೆ ಆರ್‌ಎಂಎಸ್ ಲೆಕ್ಕದಲ್ಲಿ ಅವುಗಳ ತೂಕ ದೊಡ್ಡದು. ಶುದ್ಧ ಗಾಸಿಯನ್ ಬೀಮ್ ತೆಗೆದುಕೊಂಡರೂ ಅಷ್ಟೆ. ಹೊರ ಅಂಚಿನ 5% ಚಾರ್ಜ್ ಬಿಟ್ಟರೆ ಎಮಿಟೆನ್ಸ್ 16% ಇಳಿಯುತ್ತದೆ. ಬೀಮ್ ಒಂದಿಷ್ಟೂ ಬದಲಾಗಿಲ್ಲ, ಸಂಖ್ಯೆ ಮಾತ್ರ ಚೆಂದವಾಯಿತು. ತಂಡದ ಮುಖ್ಯಸ್ಥರು ಇದಕ್ಕೆ ಒಪ್ಪಲಿಲ್ಲ. 'ಕತ್ತರಿಸುವುದಾದರೆ ಎಷ್ಟು ಕತ್ತರಿಸಿದ್ದೇವೆ ಅಂತ ಪಕ್ಕದಲ್ಲೇ ಬರೆಯಬೇಕು. ಪೂರ್ತಿ ಬೀಮಿನ ಸಂಖ್ಯೆಯೂ ಅಲ್ಲೇ ಇರಬೇಕು' ಅಂದರು. ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವುದು ಈ ನಿರ್ಧಾರದ ಮೇಲೆ. ಅವತ್ತು ಸುಮ್ನೆ ಒಪ್ಪಿಬಿಟ್ಟಿದ್ದರೆ ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂತು, ಉತ್ತರ ಸರಿಯಾದಂತೆ ಕಾಣುತ್ತಿತ್ತು. ಆಮೇಲೆ ಯಾರೂ ಹುಡುಕುತ್ತಿರಲಿಲ್ಲ.

ಕೊನೆಗೆ ಉಳಿದದ್ದು ಕ್ಯಾಥೋಡ್. ಬದಲಿಸಲು ಗನ್ ಬಿಚ್ಚಬೇಕು. ವ್ಯಾಕ್ಯೂಮ್ ಒಡೆಯಬೇಕು, ಮತ್ತೆ ಬೇಕ್ ಮಾಡಬೇಕು, ಆರ್‌ಎಫ್ ಪವರನ್ನು ಮೆಲ್ಲಗೆ ಏರಿಸಿ ಗನ್ ಪಳಗಿಸಬೇಕು. ವಾರಗಟ್ಟಲೆ ಬೀಮ್ ಇರುವುದಿಲ್ಲ. ಆದರೂ ದಿನ ಗೊತ್ತಾಯಿತು.

ಆಗ ತಂಡದ ಒಬ್ಬ ಪೋಸ್ಟ್‌ಡಾಕ್ ಎದ್ದು, ಗನ್ ಬಿಚ್ಚುವ ಮೊದಲು ಒಂದು ರಾತ್ರಿ ಶಿಫ್ಟ್ ಕೊಡಿ ಅಂತ ಕೇಳಿದಳು. ಅವಳ ವಾದ ಸರಳವಾಗಿತ್ತು. ಇಷ್ಟು ದಿನ ಎಷ್ಟೊಂದು ಬದಲಿಸಿದ್ದೇವೆ, ಪ್ರತಿಸಲವೂ ಫಲ ಸಪ್ಪೆ. ಬೀಮ್ ಇಷ್ಟು ಮೊಂಡಾಗಿರುವುದಿಲ್ಲ. ಮೊಂಡಾಗಿರುವುದು ಅಳತೆ ಇರಬಹುದಲ್ವಾ?

ಇದಕ್ಕೆ ತಕ್ಷಣ ಬಂದ ಉತ್ತರವೂ ಗಟ್ಟಿಯಾಗಿಯೇ ಇತ್ತು. ಕ್ಯಾಮೆರಾ ಮತ್ತು ಲೆನ್ಸ್ ಪರೀಕ್ಷಿಸಿದ್ದೇವೆ, ಸ್ಕ್ರೀನ್ ಜಾಗದಲ್ಲಿ ಸಣ್ಣ ಗೆರೆಗಳ ಟಾರ್ಗೆಟ್ ಇಟ್ಟು ಫೋಕಸ್ ನೋಡಿದ್ದೇವೆ, ಗೆರೆಗಳು ಕತ್ತರಿಸಿದ ಹಾಗೆ ಚೂಪಾಗಿ ಕಂಡಿವೆ. ನಿಜವೇ, ಕಂಡಿದ್ದವು. ಆದರೂ ಮುಖ್ಯಸ್ಥರು ಶಿಫ್ಟ್ ಕೊಟ್ಟರು. ವಾರಗಟ್ಟಲೆ ನಿಲ್ಲುವ ಮೆಷಿನ್‌ಗೆ ಒಂದು ರಾತ್ರಿ ದೊಡ್ಡದಲ್ಲ ಅನ್ನುವುದು ಅವರ ಲೆಕ್ಕ.

ಆ ರಾತ್ರಿ

ಅವಳು ಬೀಮ್ ಸುಧಾರಿಸುವ ಪ್ರಯತ್ನಕ್ಕೇ ಹೋಗಲಿಲ್ಲ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ಮೆಷಿನ್‌ಗೆ ಕೇಳಿದಳು.

ಮೊದಲು ಕ್ಯಾಮೆರಾ. ಹೊಳಪು ಮಿತಿ ಮೀರಿ ಪಿಕ್ಸೆಲ್‌ಗಳು ತುಂಬಿಹೋದರೆ ಚುಕ್ಕೆಯ ನೆತ್ತಿ ಚಪ್ಪಟೆಯಾಗಿ ಅಗಲ ಜಾಸ್ತಿ ಕಾಣುತ್ತದೆ. ಫಿಲ್ಟರ್ ಹಾಕಿ ಬೆಳಕು ಇಳಿಸಿದಳು. ಅಗಲ ಬದಲಾಗಲಿಲ್ಲ. ಕ್ಯಾಮೆರಾ ಪಾರಾಯಿತು.

ಎರಡನೆಯದು ಸ್ಕ್ರೀನ್. ಅದು ವೈಎಜಿ ಹರಳು, ಸೀರಿಯಂ ಬೆರೆಸಿದ್ದು. ಎಲೆಕ್ಟ್ರಾನ್ ಬಿದ್ದಲ್ಲಿ ಹಸಿರು ಹಳದಿ ಬೆಳಕು ಕೊಡುತ್ತದೆ. ಒಂದೇ ಜಾಗದಲ್ಲಿ ಚಾರ್ಜ್ ತೀರಾ ದಟ್ಟವಾಗಿ ಬಿದ್ದರೆ ಹರಳು ಕೂಡ ತುಂಬಿಹೋಗಿ ಇನ್ನಷ್ಟು ಬೆಳಕು ಕೊಡಲಾರದು, ನಡುಭಾಗ ಮಂಕಾಗುತ್ತದೆ. ಇದನ್ನು ನೋಡಲು ಇನ್ನೊಂದು ಕ್ವಾಡ್ ಬಳಸಿ ಬೀಮನ್ನು ಲಂಬ ದಿಕ್ಕಿನಲ್ಲಿ ಮಾತ್ರ ಉದ್ದಕ್ಕೆ ಎಳೆದಳು. ಅಡ್ಡ ಅಗಲ ಅಷ್ಟೇ, ಆದರೆ ಚಾರ್ಜ್ ಹರಡಿಕೊಂಡು ಸಾಂದ್ರತೆ ಇಳಿಯಿತು. ಹರಳಿನ ದೋಷವಾಗಿದ್ದರೆ ಅಡ್ಡ ಅಗಲ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಅದೂ ಪಾರು.

ಮೂರನೆಯದು ತಿರುವು. ಲೇಸರ್ ತಗ್ಗಿಸಿ ಚಾರ್ಜ್ ಇಳಿಸುತ್ತಾ ಹೋದಳು. ಚಾರ್ಜ್ ಇಳಿದರೆ ಎಲೆಕ್ಟ್ರಾನ್‌ಗಳ ಪರಸ್ಪರ ತಳ್ಳಾಟ ಇಳಿಯುತ್ತದೆ, ಎಮಿಟೆನ್ಸ್ ಇಳಿಯಲೇಬೇಕು. 200 ಪಿಕೊಕೂಲಂಬ್‌ನಲ್ಲಿ ಚುಕ್ಕೆ 50 ಮೈಕ್ರಾನ್. 100ರಲ್ಲಿ 45. 20ಕ್ಕೆ ಇಳಿಸಿದರೆ 42.

ಚಾರ್ಜ್ ಹತ್ತನೇ ಒಂದಕ್ಕೆ ಇಳಿದಿದೆ, ಚುಕ್ಕೆ ಮಾತ್ರ 40ರ ಹತ್ತಿರ ಹೋಗಿ ಕೂತಿದೆ. ದಪ್ಪ ನಿಬ್ಬಿನ ಪೆನ್ನಿನಲ್ಲಿ ಎಷ್ಟೇ ನಾಜೂಕಾಗಿ ಬರೆದರೂ ಗೆರೆ ನಿಬ್ಬಿಗಿಂತ ಸಣ್ಣದಾಗುವುದಿಲ್ಲ. ಇಲ್ಲಿ ನಿಬ್ಬಿನ ದಪ್ಪ 40 ಮೈಕ್ರಾನ್.

ಕೂಡುವ ರೀತಿ ವರ್ಗಗಳದ್ದು. ನಿಜವಾದ ಚುಕ್ಕೆಯ ವರ್ಗಕ್ಕೆ ಅಳತೆಯ ಮಸುಕಿನ ವರ್ಗ ಸೇರಿದರೆ ಕಂಡ ಚುಕ್ಕೆಯ ವರ್ಗ. 30ರ ವರ್ಗ 900, 40ರ ವರ್ಗ 1600, ಒಟ್ಟು 2500. ವರ್ಗಮೂಲ 50. ಸಿಮ್ಯುಲೇಷನ್ ಹೇಳಿದ 30 ಮೈಕ್ರಾನ್ ಚುಕ್ಕೆ ಅಲ್ಲೇ ಇದ್ದಿರಬಹುದು, ಸ್ಕ್ರೀನ್ ಅದನ್ನು 50 ಅಂತ ತೋರಿಸುತ್ತಿದ್ದಿರಬಹುದು.

'ಇರಬಹುದು' ಅನ್ನುವುದು ಸಾಲದು. ಇನ್ನೊಂದು ಸಾಕ್ಷಿ ಬೇಕಿತ್ತು.

ಮೂಲೆಗೆ ಬಿದ್ದಿದ್ದ ವೈರ್ ಸ್ಕ್ಯಾನರ್

ಸ್ಕ್ರೀನ್ ಪಕ್ಕದಲ್ಲೇ ಒಂದು ವೈರ್ ಸ್ಕ್ಯಾನರ್ ಇತ್ತು. 10 ಮೈಕ್ರಾನ್ ದಪ್ಪದ ಟಂಗ್‌ಸ್ಟನ್ ತಂತಿ. ಅದನ್ನು ಬೀಮಿಗೆ ಅಡ್ಡಲಾಗಿ ಮೆಲ್ಲಗೆ ಸಾಗಿಸುತ್ತಾರೆ. ತಂತಿಗೆ ತಾಗಿದ ಎಲೆಕ್ಟ್ರಾನ್‌ಗಳಿಂದ ಹೊಮ್ಮುವ ವಿಕಿರಣವನ್ನು ಮುಂದಿರುವ ಡಿಟೆಕ್ಟರ್ ಎಣಿಸುತ್ತದೆ. ಒಂದೊಂದು ಬಂಚ್‌ಗೆ ಒಂದೊಂದು ಬಿಂದು. ಬಿಂದುಗಳನ್ನು ಜೋಡಿಸಿದರೆ ಬೀಮಿನ ಆಕಾರ. ತಂತಿಯ ಮಸುಕು ಅದರ ವ್ಯಾಸದ ಕಾಲುಭಾಗ, ಅಂದರೆ 2.5 ಮೈಕ್ರಾನ್. 30ರ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಮತ್ತೆ ಯಾಕೆ ಯಾರೂ ಬಳಸುತ್ತಿರಲಿಲ್ಲ? 'ವೈರ್ ನಂಬಕ್ಕಾಗಲ್ಲ' ಅನ್ನುವ ಮಾತು ಕಂಟ್ರೋಲ್ ರೂಮಿನಲ್ಲಿ ಬೇರೂರಿತ್ತು. ಮೆಷಿನ್ ಶುರುವಾದ ಹೊಸದರಲ್ಲಿ ಲೇಸರ್ ಅಲುಗಾಡುತ್ತಿತ್ತು. ಬಂಚ್‌ನಿಂದ ಬಂಚ್‌ಗೆ ಬೀಮಿನ ಜಾಗ ಬದಲಾಗುತ್ತಿತ್ತು. ವೈರ್ ಸ್ಕ್ಯಾನ್‌ಗೆ ಹಲವು ಬಂಚ್‌ಗಳು ಬೇಕಲ್ಲ, ಆ ಅಲುಗಾಟವೆಲ್ಲ ಅಗಲಕ್ಕೆ ಸೇರಿಕೊಂಡು ಒಂದೊಂದು ಸಲ ಒಂದೊಂದು ಉತ್ತರ ಬರುತ್ತಿತ್ತು. ಲೇಸರ್ ಆಮೇಲೆ ಸರಿಹೋಯಿತು. ಮಾತು ಮಾತ್ರ ಹಾಗೇ ಉಳಿಯಿತು. ಹೊಸದಾಗಿ ಬಂದವರೂ ಅದನ್ನೇ ಕಲಿತರು. ಮೇಲಾಗಿ ಸ್ಕ್ರೀನ್ ಒಂದೇ ಬಂಚ್‌ನಲ್ಲಿ ಬಣ್ಣಬಣ್ಣದ ಚಿತ್ರ ಕೊಡುತ್ತದೆ. ಕಣ್ಣಿಗೆ ಕಂಡದ್ದನ್ನು ಮನಸ್ಸು ಬೇಗ ನಂಬುತ್ತದೆ.

ಅವಳು ವೈರ್‌ನ ಲೆಕ್ಕವನ್ನೂ ಕಣ್ಣುಮುಚ್ಚಿ ತೆಗೆದುಕೊಳ್ಳಲಿಲ್ಲ. ತಂತಿಯ ಚೌಕಟ್ಟು 45 ಡಿಗ್ರಿ ಓರೆಯಲ್ಲಿ ಸಾಗುತ್ತದೆ. ಹಾಗಾಗಿ ಮೋಟಾರ್ ನಡೆದ ದೂರವನ್ನು 0.707ರಿಂದ ಗುಣಿಸಬೇಕು. ಮರೆತರೆ ಅಗಲ 41% ಜಾಸ್ತಿ ಬರುತ್ತದೆ. ಸಾಫ್ಟ್‌ವೇರ್‌ನಲ್ಲಿ ಆ ಗುಣಕ ಇದೆಯೇ, ಎರಡು ಸಲ ಬಿದ್ದಿದೆಯೇ ಅಂತ ನೋಡಿದಳು. ಬಂಚ್‌ನ ಜಾಗವನ್ನು ಪೊಸಿಷನ್ ಮಾನಿಟರ್‌ಗಳಿಂದ ಓದಿ, ಅಲುಗಾಟವನ್ನು ಬಿಂದುಬಿಂದುವಿಗೂ ಕಳೆದಳು. ಆಮೇಲೆ ಸ್ಕ್ಯಾನ್.

ಅಡ್ಡ ದಿಕ್ಕಿಗೆ 31 ಮೈಕ್ರಾನ್. ಲಂಬಕ್ಕೆ 29. ಬೆಳಗಿನ ಶಿಫ್ಟ್‌ನವರು ಬರುವಷ್ಟರಲ್ಲಿ ವೈರ್‌ನಲ್ಲೇ ಪೂರ್ತಿ ಕ್ವಾಡ್ ಸ್ಕ್ಯಾನ್ ಮುಗಿದಿತ್ತು. ಎಮಿಟೆನ್ಸ್ 0.62 ಮತ್ತು 0.58. ಕ್ಯಾಥೋಡ್ ಬದಲಿಸುವ ಕೆಲಸವನ್ನು ಆ ದಿನವೇ ರದ್ದು ಮಾಡಿದರು.

ಮಸುಕು ಬಂದದ್ದೆಲ್ಲಿಂದ

ಈ ಭಾಗ ನನಗೆ ಬಲು ಇಷ್ಟ. ಹರಳು 100 ಮೈಕ್ರಾನ್ ದಪ್ಪ, ಬೀಮಿಗೆ 45 ಡಿಗ್ರಿ ಓರೆಯಲ್ಲಿ ನಿಂತಿದೆ. ಕ್ಯಾಮೆರಾ ಬೀಮಿಗೆ 90 ಡಿಗ್ರಿಯಲ್ಲಿ, ಪಕ್ಕದಿಂದ ನೋಡುತ್ತದೆ. ಎಲೆಕ್ಟ್ರಾನ್ ಹರಳಿನೊಳಗೆ ಓರೆಯಾಗಿ ತೂರಿಹೋಗುವಾಗ ದಾರಿಯುದ್ದಕ್ಕೂ ಬೆಳಕು ಚೆಲ್ಲುತ್ತದೆ. ಕ್ಯಾಮೆರಾಗೆ ಅದು ಒಂದು ಚುಕ್ಕೆಯಾಗಿ ಕಾಣದೆ ಸಣ್ಣ ಗೀಟಾಗಿ ಕಾಣುತ್ತದೆ. ಹರಳಿನ ವಕ್ರೀಭವನ ಸೂಚ್ಯಂಕ ಸುಮಾರು 1.8. ಅದನ್ನು ಲೆಕ್ಕಕ್ಕೆ ಹಿಡಿದರೆ ಗೀಟಿನ ಉದ್ದ ಹತ್ತಿರಹತ್ತಿರ 100 ಮೈಕ್ರಾನ್, ಆರ್‌ಎಂಎಸ್ ಲೆಕ್ಕದಲ್ಲಿ 29. ಲೆನ್ಸಿನ ಮಸುಕು ಮತ್ತು ಹರಳಿನೊಳಗೆ ಬೆಳಕು ಚದುರುವುದು ಸೇರಿ ಉಳಿದ 27. ಎರಡನ್ನೂ ವರ್ಗದಲ್ಲಿ ಕೂಡಿದರೆ 40 ಆಗುತ್ತದೆ.

ಗೀಟು ಬೀಳುವುದು ಹರಳು ಓರೆಯಾಗಿರುವ ದಿಕ್ಕಿನಲ್ಲಿ ಮಾತ್ರ, ಅಂದರೆ ಅಡ್ಡಕ್ಕೆ. ಲಂಬ ದಿಕ್ಕಿಗೆ ಆ 29 ಇಲ್ಲ, ಬರೀ 27. ಹಾಗಾಗಿಯೇ ಅಲ್ಲಿ ಚುಕ್ಕೆ 40 ಕಂಡಿತ್ತು, ಎಮಿಟೆನ್ಸ್ 0.8 ಬಂದಿತ್ತು. ಕಪ್ಲರ್ ಮೇಲೆ, ಸೊಲೆನಾಯ್ಡ್ ಮೇಲೆ ಹೊರಿಸಿದ್ದ ಅಸಮತೆಯ ಬಹುಪಾಲು ಹರಳಿನ ಓರೆಯದೇ ಆಗಿತ್ತು.

ಗೆರೆಗಳ ಟಾರ್ಗೆಟ್ ಇದನ್ನು ಯಾಕೆ ಹಿಡಿಯಲಿಲ್ಲ ಅನ್ನುವುದೂ ಈಗ ಗೊತ್ತಾಗುತ್ತದೆ. ಗೆರೆಗಳು ಮೇಲ್ಮೈ ಮೇಲೆ ಅಚ್ಚಾಗಿದ್ದವು. ಅವಕ್ಕೆ ದಪ್ಪವೇ ಇಲ್ಲ. ಗೆರೆ ಕಂಡ ಹಾಗೆ ಬೀಮ್ ಕಾಣಬೇಕಾದರೆ ಬೆಳಕು ಕೂಡ ಮೇಲ್ಮೈಯಿಂದಲೇ ಬರಬೇಕಿತ್ತು.

ಕಲಿತದ್ದು, ಬದಲಾದದ್ದು

ಈ ತೊಂದರೆಗೆ ಬೇರೆ ಕಡೆ ಒಳ್ಳೆಯ ಪರಿಹಾರಗಳಿವೆ. ಸ್ವಿಟ್ಜರ್ಲೆಂಡಿನ ಸ್ವಿಸ್‌ಫೆಲ್‌ನಲ್ಲಿ ಹರಳಿನೊಳಗಿನ ಗೀಟು ಕ್ಯಾಮೆರಾಗೆ ಒಂದೇ ಬಿಂದುವಾಗಿ ಕಾಣುವ ಕೋನವನ್ನು ಲೆಕ್ಕ ಹಾಕಿ, ಅಲ್ಲಿಂದಲೇ ನೋಡುವ ಹಾಗೆ ಸ್ಕ್ರೀನ್ ವಿನ್ಯಾಸ ಮಾಡಿದರು. ಜರ್ಮನಿಯ ಯುರೋಪಿಯನ್ ಎಕ್ಸ್‌ಫೆಲ್‌ನಲ್ಲಿ ಎದುರಾದದ್ದು ಬೇರೆ ತೊಡಕು. ಅಲ್ಲಿದ್ದ ಎಲ್‌ವೈಎಸ್‌ಒ ಹರಳು ದಟ್ಟವಾದ ಬೀಮಿಗೆ ಸಿಕ್ಕಾಗ ನಡುಭಾಗ ಮಂಕಾಗಿ, ಚುಕ್ಕೆ ಹೊಗೆಯುಂಗುರದಂತೆ ಕಂಡಿತು, ಎಮಿಟೆನ್ಸ್ ಜಾಸ್ತಿ ಬಂತು. ಹುಡುಕಿ ಅವರು ಜಿಎಜಿಜಿ ಹರಳನ್ನು ಆರಿಸಿಕೊಂಡರು. ನಮ್ಮ ಪ್ರಕರಣದಲ್ಲಿ ಪೋಸ್ಟ್‌ಡಾಕ್ ಪಾರು ಮಾಡಿದ ಎರಡನೇ ಅನುಮಾನ ಅಲ್ಲಿ ನಿಜವಾಗಿತ್ತು. ಅದಕ್ಕೇ ಹೇಳುವುದು, ಪರೀಕ್ಷೆ ಮಾಡದೆ ಯಾವ ಅನುಮಾನವನ್ನೂ ಬಿಡಬಾರದು.

ತಂಡದಲ್ಲಿ ಕೆಲವರು ಹರಳೇ ಬೇಡ, ಓಟಿಆರ್ (ಆಪ್ಟಿಕಲ್ ಟ್ರಾನ್ಸಿಷನ್ ರೇಡಿಯೇಷನ್) ಸ್ಕ್ರೀನ್ ಹಾಕೋಣ ಅಂದರು. ತೆಳುವಾದ ಲೋಹದ ಹಾಳೆಯ ಮೇಲ್ಮೈಯಿಂದಲೇ ಬರುವ ಬೆಳಕು ಅದು, ದಪ್ಪದ ಗೊಡವೆ ಇಲ್ಲ, ಹರಳಿನ ಹಾಗೆ ತುಂಬಿಹೋಗುವುದೂ ಇಲ್ಲ. ಮಾತು ಸರಿಯಾಗಿತ್ತು. ಹಿರಿಯರೊಬ್ಬರು ಅಮೆರಿಕದ ಸ್ಲ್ಯಾಕ್ ಲ್ಯಾಬ್‌ನ ಎಲ್‌ಸಿಎಲ್‌ಎಸ್ ಅನುಭವ ನೆನಪಿಸಿದರು. 2009ರ ಏಪ್ರಿಲ್‌ನಲ್ಲಿ 1.5 ಆಂಗ್‌ಸ್ಟ್ರಾಮ್ ಎಕ್ಸ್-ರೇ ಲೇಸರ್ ಬೆಳಗಿಸಿದ ಮೆಷಿನ್ ಅದು. ಅಲ್ಲಿ ಬಂಚನ್ನು ಒತ್ತಿ ಗಿಡ್ಡ ಮಾಡಿದ ಮೇಲೆ ಅದರೊಳಗೆ ಸಣ್ಣ ಸಣ್ಣ ಅಲೆಗಳು ಎದ್ದು, ಎಲೆಕ್ಟ್ರಾನ್‌ಗಳು ಒಟ್ಟೊಟ್ಟಿಗೆ ಬೆಳಗಿ, ಓಟಿಆರ್ ಚಿತ್ರ ಬೀಮಿನ ಅಳತೆಗೆ ಸಂಬಂಧವೇ ಇಲ್ಲದಂತಾಯಿತು. ಅಲ್ಲಿ ವೈರ್ ಸ್ಕ್ಯಾನರ್‌ಗಳೇ ಕೈಹಿಡಿದವು. ಈ ಲ್ಯಾಬ್ ಕೂಡ ಮುಂದೆ ಬಂಚನ್ನು ಹಾಗೆ ಒತ್ತುವ ಕಂಪ್ರೆಸರ್ ಹಾಕುವುದರಲ್ಲಿತ್ತು. ಹಾಗಾಗಿ ತೀರ್ಮಾನ ಹೀಗಾಯಿತು. ಈ ಜಾಗದಲ್ಲಿ ಓಟಿಆರ್ ಇರಲಿ, ಹರಳು ಬೀಮ್ ಹುಡುಕಲು ಮಾತ್ರ, ಯಾವ ಎಮಿಟೆನ್ಸ್ ಸಂಖ್ಯೆಯೂ ವೈರ್ ಜೊತೆ ತಾಳೆಯಾಗದೆ ಹೊರಗೆ ಹೋಗಬಾರದು.

ಇನ್ನೊಂದು ನಷ್ಟ ಆಮೇಲೆ ಬೆಳಕಿಗೆ ಬಂತು, ಅದು ಹೆಚ್ಚು ನೋವಿನದು. ಮಸುಕು ಅಳತೆಯನ್ನು ದೊಡ್ಡದು ಮಾಡಿ ಅಷ್ಟಕ್ಕೇ ಸುಮ್ಮನಾಗಲಿಲ್ಲ, ಸುಧಾರಣೆಯನ್ನೂ ಮರೆಮಾಚಿತು. ನಿಜವಾದ ಚುಕ್ಕೆ 34ರಿಂದ 30ಕ್ಕೆ ಇಳಿದರೆ 12% ಲಾಭ. 40ರ ಮಸುಕಿನ ಹಿಂದೆ ನಿಂತು ನೋಡಿದರೆ ಅದು 52.5ರಿಂದ 50ಕ್ಕೆ, ಬರೀ 5%. ದೋಷದ ಮಿತಿಯೊಳಗೆ ಕರಗಿಹೋಗುತ್ತದೆ. ಲಾಗ್‌ಬುಕ್‌ನಲ್ಲಿ 'ಗಮನಾರ್ಹ ಬದಲಾವಣೆ ಇಲ್ಲ' ಅಂತ ಬರೆದಿದ್ದನ್ನೆಲ್ಲ ಹೆಕ್ಕಿ, ವೈರ್‌ನಲ್ಲಿ ಮತ್ತೆ ಅಳೆದರು. ಕೈಬಿಟ್ಟಿದ್ದ ಆ ಐರಿಸ್ ನಿಜಕ್ಕೂ ಚೆನ್ನಾಗಿತ್ತು. ಒಳ್ಳೆಯ ಕೆಲಸ ಮಾಡಿದವರಿಗೆ ಫಲ ಇಲ್ಲ ಅಂತ ಹೇಳಿ ಕಳಿಸಿದ್ದರು.

ಮುಂದಿನ ಭಾಗದ ಆಪರೇಟರ್‌ಗಳಿಗೂ ಒಂದು ಉತ್ತರ ಸಿಕ್ಕಿತು. ಅಳತೆಯಿಂದ ಬಂದ ಸೆಟ್ಟಿಂಗ್ ಹಾಕಿದರೆ ಬೀಮ್ ಯಾವತ್ತೂ ಸರಿಯಾಗಿ ಕೂರುತ್ತಿರಲಿಲ್ಲ, ಕೈಯಲ್ಲಿ ತಿರುಗಿಸಿ ತಿರುಗಿಸಿ ಹೊಂದಿಸುತ್ತಿದ್ದರು. ಮಸುಕು ಬರೀ ಎಮಿಟೆನ್ಸ್ ಅಲ್ಲ, ಬೀಟಾವನ್ನೂ (ಅಗಲದ ವರ್ಗವನ್ನು ನಾರ್ಮಲೈಸ್ ಮಾಡದ ಎಮಿಟೆನ್ಸ್‌ನಿಂದ ಭಾಗಿಸಿದರೆ ಸಿಗುವ ಸಂಖ್ಯೆ) ತಪ್ಪಿಸುತ್ತದೆ. 0.3 ಮೀಟರ್ ಇದ್ದ ಬೀಟಾ 0.5 ಅಂತ ಬರುತ್ತಿತ್ತು. ಅವರು ಇದನ್ನು ಎಷ್ಟೋ ಸಲ ಹೇಳಿದ್ದರು. ಆದರೆ ಅದು ಇಂಜೆಕ್ಟರ್ ತಂಡದ ಮೀಟಿಂಗ್‌ವರೆಗೆ ಬಂದಿರಲಿಲ್ಲ. ಈಗ ಆ ಮೀಟಿಂಗ್‌ನಲ್ಲಿ ಒಬ್ಬ ಆಪರೇಟರ್‌ಗೆ ಕಾಯಂ ಕುರ್ಚಿ ಇದೆ.

ಉಳಿದದ್ದು 0.62 ಮತ್ತು 0.58ರ ನಡುವಿನ ವ್ಯತ್ಯಾಸ. ಅದು ಸೊಲೆನಾಯ್ಡ್‌ನದೇ ಇರಬೇಕು. ಕರೆಕ್ಟರ್ ಕ್ವಾಡ್‌ಗಳನ್ನು ಮತ್ತೆ ತಿರುಗಿಸಿ ನೋಡಿದಾಗ ಈ ಸಲ ವೈರ್‌ನಲ್ಲಿ ಅಗಲ ಬದಲಾಗುವುದು ಸ್ಪಷ್ಟವಾಗಿ ಕಂಡಿತು. ಎರಡನ್ನೂ ಸಮಕ್ಕೆ ತರುವ ಕೆಲಸ ಅಲ್ಲಿಂದ ಶುರುವಾಯಿತು.